ಬಾಯಮ್ಮನ ಚೀನಾ

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಪುತ್ತೂರಿನಿಂದ ಬಂದ ನನಗೂ, ಲಂಡನ್ ಏರ್‌ಪೋರ್ಟಿನ ಪಕ್ಕದ ಫೆಲ್ಥಮ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಆ ಉಡುಪಿ ಕಡೆಯ ಹೆಂಗಸಿಗೂ ಮೊದಲ ದಿನವೇ ಈ ಕರೆಯಿಂದ ಸಲಿಗೆ ಬೆಳೆಯಿತು. ಅವರಿಗೆ ಒಳ್ಳೆಯ ಉದ್ದದ ಹೆಸರಿತ್ತು. ಚರ್ಚಿನಲ್ಲಿ ಪಾದ್ರಿಗಳು ಶವದ ಪೆಟ್ಟಿಗೆಯ ಮುಂದೆ ನಿಂತು ಅದನ್ನು ಪೂರ್ತಿ ಓದಿದಾಗ, ಇದು ಯಾರಪ್ಪಾ ಎಂದು ನಾನು ಒಂದು ಕ್ಷಣ ತಬ್ಬಿಬ್ಬಾದೆ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲಿನಲ್ಲಿ ಚಹಾ ಕೊಟ್ಟರು. ಜನ ಸಾಕಷ್ಟಿದ್ದರು. ಬದುಕಿದ್ದಾಗ ಇವರೆಲ್ಲ ಎಲ್ಲಿದ್ದರು ಎಂದು ಕೇಳಬಾರದು, ಇಂಥ ಸಂದರ್ಭಗಳಲ್ಲಿ ಅದು ಸಭ್ಯತೆಯಲ್ಲ. ಕಾಯಿಲೆ ಯಾವುದು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು, ಫ್ಲ್ಯಾಟು ಕೌನ್ಸಿಲ್‌ನ ಬಾಡಿಗೆಯದೋ ಸ್ವಂತದ್ದೋ ಎಂಬ ಮಾತುಗಳೆಲ್ಲ ಮುಗಿದ ಮೇಲೆ ಎಲ್ಲರ ಮಾತೂ ಚೀನಾಕ್ಕೆ ಬಂತು. ಒಬ್ಬರು ಸ್ಯಾಂಡ್‌ವಿಚ್ ಅಗಿಯುತ್ತಾ, "ಅಲ್ಲ ಮಾರಾಯ್ರೆ, ಆ ಹೆಂಗಸಿಗೆ ಚೀನಾದಲ್ಲಿ ಎಂತ ಇತ್ತು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಆದರೆ ಕೇಳಿದವರಿಗೆ ಉತ್ತರ ಬೇಕಾಗಿರಲಿಲ್ಲ, ಅವರು ಆಗಲೇ ಪಾರ್ಕಿಂಗ್ ಬಗ್ಗೆ ಮಾತಾಡುತ್ತಿದ್ದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಮ್ಮ ಗಿಡ್ಡ ಜೀವ. ಬೇಸಿಗೆಯಲ್ಲೂ ಬೂದು ಬಣ್ಣದ ಕಾರ್ಡಿಗನ್, ಅದರ ತೋಳು ಸದಾ ಮೊಣಕೈವರೆಗೆ ಮಡಚಿಟ್ಟದ್ದು, ಯಾವ ಹೊತ್ತಿಗೂ ಪಾತ್ರೆ ತೊಳೆಯಲು ತಯಾರು ಎಂಬಂತೆ. ಹುಡುಗಿಯಾಗಿದ್ದಾಗಲೇ ಕುವೈಟಿಗೆ ಹೋಗಿ ಮನೆಗೆಲಸ ಮಾಡಿದವರು. ಆ ಮನೆಯವರ ಜೊತೆಗೇ ಲಂಡನ್ನಿಗೆ ಬಂದು, ಅವರು ಹೊರಟು ಹೋದ ಮೇಲೂ ಇಲ್ಲೇ ಉಳಿದರು. ಆಮೇಲೆ ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯೊಂದರಲ್ಲಿ ನಿವೃತ್ತಿಯವರೆಗೆ ಕೆಲಸ. ಮದುವೆ ಯಾಕಾಗಲಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಪುರುಸೊತ್ತು ಸಿಕ್ಲಿಲ್ಲ ಮಾರಾಯ್ತಿ. ಮೊದಲು ತಂಗಿದು ಆಗ್ಬೇಕಿತ್ತು, ಮತ್ತೆ ತಮ್ಮಂದು. ನನ್ನ ಸರದಿ ಬರುವಾಗ ಎಲ್ಲರೂ ಎದ್ದು ಹೋಗಿದ್ರು" ಎಂದು ನಕ್ಕಿದ್ದರು.

ಅವರ ಮನೆಯಲ್ಲಿ ಚಹಾ ಕುಡಿದರೆ ವಿಮಾನದಲ್ಲಿ ಕೂತ ಹಾಗೆ. ಟ್ರೇಯ ಬಲಗಡೆ ಮೇಲೆ ಕಪ್ಪು, ಎಡಗಡೆ ಬಿಸ್ಕೆಟು, ಚಮಚ ಕರವಸ್ತ್ರದ ಒಳಗೆ. ಒಮ್ಮೆ ನನ್ನ ಮಗಳು ಬಿಸ್ಕೆಟನ್ನು ಬಲಗಡೆಗೆ ಇಟ್ಟಳು. ಬಾಯಮ್ಮ ಮಾತಾಡುತ್ತಲೇ ಅದನ್ನು ಮತ್ತೆ ಎಡಗಡೆಗೆ ಸರಿಸಿದರು. ಅವರಿಗೇ ಅದು ಗೊತ್ತಾಗಲಿಲ್ಲ.

ಇನ್ನೊಂದು ಅಭ್ಯಾಸ ಇದಕ್ಕಿಂತ ಕಷ್ಟದ್ದು. ಎಲ್ಲಿ ಊಟ ಮಾಡಿದರೂ ತಿಂದ ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಏಳಲು ಅವರಿಂದ ಆಗುತ್ತಿರಲಿಲ್ಲ. ಸೌತ್‌ಹಾಲ್‌ನಲ್ಲಿ ಒಂದು ಮದುವೆಯೂಟಕ್ಕೆ ಒಟ್ಟಿಗೆ ಹೋಗಿದ್ದೆವು. ಊಟ ಮುಗಿದದ್ದೇ ತಡ, ಬಾಯಮ್ಮ ತಮ್ಮ ತಟ್ಟೆ, ನನ್ನ ತಟ್ಟೆ, ಪಕ್ಕದ ಅಪರಿಚಿತ ಸರದಾರ್ಜಿಯ ತಟ್ಟೆ ಎಲ್ಲವನ್ನೂ ಪೇರಿಸಿಕೊಂಡು ಅಡುಗೆಮನೆಯ ಬಾಗಿಲು ಹುಡುಕುತ್ತಾ ಹೊರಟೇಬಿಟ್ಟರು. ಬಡಿಸುವವರು ಹಿಂದೆ ಓಡಿದರು. ನನಗೆ ನಾಚಿಕೆಯಾಗಿ, "ಬಿಡಿ ಬಾಯಮ್ಮ, ಅವರು ತೆಗೀತಾರೆ" ಎಂದೆ. "ಅವರಿಗೂ ಕೈ ಸೋಲ್ತದಲ್ಲ" ಎಂದರು.

ಚೀನಾ ಗಂಟುಬಿದ್ದದ್ದೂ ಈ ಅಭ್ಯಾಸದಿಂದಲೇ.

ನಿವೃತ್ತಿಯಾದ ವರ್ಷ ಅವರು ಒಂದು ಗುಂಪು ಪ್ರವಾಸದಲ್ಲಿ ಹೋಗಿದ್ದರು. "ಇಡೀ ಜನ್ಮ ಬೇರೆಯವರಿಗೆ ಊಟ ಕಟ್ಟಿ ಕಳಿಸಿದೆ. ಅವರೆಲ್ಲ ಎಲ್ಲಿಗೆ ಹೋಗ್ತಾರೆ ಅಂತ ಒಮ್ಮೆ ನೋಡ್ಬೇಕಲ್ಲ" ಎಂಬುದು ಅವರ ಕಾರಣ. ಗುಂಪಿನಲ್ಲಿ ಉಳಿದವರೆಲ್ಲ ಗಂಡ ಹೆಂಡಿರು. ಬಸ್ಸಿನಲ್ಲಿ ಬಾಯಮ್ಮನ ಪಕ್ಕದ ಸೀಟಿನಲ್ಲಿ ಎಲ್ಲರ ಕೋಟುಗಳು. ಗುಯಿಲಿನ್ ಎಂಬ ಊರಿನಿಂದ ಲಿ ನದಿಯಲ್ಲಿ ಬೋಟು. ಎರಡೂ ದಡದಲ್ಲಿ ಕಡಿದಾದ ಹಸಿರು ಗುಡ್ಡಗಳು ನೀರಿಗೆ ತಾಗಿಕೊಂಡೇ ಎದ್ದು ನಿಂತಿರುತ್ತವೆಯಂತೆ, ಒಂದರ ಹಿಂದೆ ಒಂದು, ಹಿಂದಿನದು ಮುಂದಿನದಕ್ಕಿಂತ ಮಸುಕು. ಹೇಗಿತ್ತು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ಚೆಂದ ಉಂಟು. ಆದ್ರೆ ಚೆಂದ ಉಂಟು ಅಂತ ಹೇಳ್ಲಿಕ್ಕೆ ಪಕ್ಕದಲ್ಲಿ ಜನ ಬೇಕಲ್ಲ. ನಾನು ಆ ಕೋಟುಗಳಿಗೆ ಹೇಳ್ಲಿಕ್ಕೆ ಆಗ್ತದಾ?"

ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಊಟಕ್ಕೆ ಇಳಿಸಿದರು, ಅಲ್ಲಿಂದ ಮುಂದೆ ಮತ್ತೆ ಬಸ್ಸು. ಹಳೆಯ ಮನೆ. ಕೆಳಗೆ ಹೋಟೆಲು, ಮೇಲೆ ಬಾಡಿಗೆಗೆ ಎರಡು ಕೋಣೆ. ಊಟವಾದ ಮೇಲೆ ಉಳಿದವರು ಫೋಟೋ ತೆಗೆಯಲು ಹೋದರು. ಬಾಯಮ್ಮ ತಟ್ಟೆ ಎತ್ತಿಕೊಂಡು ಹಿಂದಿನ ಅಡುಗೆಮನೆಗೆ ಹೋದರು. ಅಲ್ಲಿ ಅವರ ವಯಸ್ಸಿನವಳೇ ಒಬ್ಬಳು ಒಲೆಯ ಮುಂದೆ ಒಬ್ಬಳೇ ಪರದಾಡುತ್ತಿದ್ದಳು. ನೆಲದ ಮೇಲೆ ಒಂದು ಬುಟ್ಟಿ ತುಂಬಾ ನದಿ ಮೀನು. ಉಡುಪಿ ಕಡೆಯ ಹೆಂಗಸು, ಎದುರಿಗೆ ಶುಚಿ ಮಾಡದ ಮೀನು. ಇನ್ನು ಹೇಳುವುದೇನಿದೆ? ಬಾಯಮ್ಮ ತೋಳು ಮೇಲೆ ಸರಿಸಿ, ಗೋಡೆಗೆ ಒರಗಿಸಿಟ್ಟಿದ್ದ ಮಣೆ ಎಳೆದುಕೊಂಡು ಕೂತರು. ಒಂದೊಂದೇ ಮೀನಿನ ಹುರುಪೆ ಹೆರೆದು, ಹೊಟ್ಟೆ ಸೀಳಿ, ತೊಳೆದು, ಚೆಂದಕ್ಕೆ ಸಾಲಾಗಿ ಜೋಡಿಸಿದರು. ವಿಮಾನದ ಅಡುಗೆಮನೆಯಲ್ಲಿ ಎಲ್ಲ ಕತ್ತರಿಸಿಯೇ ಬರುತ್ತಿತ್ತಂತೆ. ಇಡೀ ಮೀನು ಕೈಗೆ ಸಿಗದೆ ಎಷ್ಟೋ ಕಾಲವಾಗಿತ್ತು. ಹೊತ್ತು ಹೋದದ್ದೇ ಅವರಿಗೆ ಗೊತ್ತಾಗಲಿಲ್ಲ.

ಆ ಹೆಂಗಸು ಒಲೆಯಿಂದ ತಿರುಗಿ ನೋಡಿದವಳೇ ಕಿಟಾರನೆ ಕಿರುಚಿದಳು. ಆ ಊರಿನಲ್ಲಿ ಮೀನನ್ನು ಹುರುಪೆಯ ಸಮೇತ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಬಿಯರ್ ಸುರಿದು ಬೇಯಿಸುತ್ತಾರೆ. ಅದನ್ನು ತಿನ್ನಲೆಂದೇ ಜನ ದೂರದಿಂದ ಬರುತ್ತಾರೆ. ನಮ್ಮ ಬಾಯಮ್ಮ ಸಂಜೆಯ ಗಿರಾಕಿಗಳ ಅಷ್ಟೂ ಮೀನನ್ನು ಬೋಳಿಸಿ ಇಟ್ಟಿದ್ದರು.

"ಎಂತೆಂತ ಬೈದಳು ಅಂತ ಕೇಳ್ಬೇಡ. ಒಂದು ಶಬ್ದ ಅರ್ಥ ಆಗ್ಲಿಲ್ಲ, ಎಲ್ಲ ಅರ್ಥ ಆಯ್ತು. ನನಗೆ ನಗು ಬಂತು. ಅದನ್ನು ನೋಡಿ ಅವಳೂ ನಗ್ಲಿಕ್ಕೆ ಸುರು. ಮತ್ತೆ ಇಬ್ಬರಿಗೂ ನಿಲ್ಲುದೇ ಇಲ್ಲ."

ನಕ್ಕು ಮುಗಿಸಿ ಹೊರಗೆ ಬಂದು ನೋಡಿದರೆ ಬಸ್ಸಿಲ್ಲ. ಅಷ್ಟು ಜೋಡಿಗಳಲ್ಲಿ ಒಬ್ಬರಿಗೂ ಒಂದು ತಲೆ ಕಡಿಮೆಯಿದೆ ಅನ್ನಿಸಿರಲಿಲ್ಲ. ಸಂಜೆ ದೊಡ್ಡ ಊರಿನ ಹೋಟೆಲಿನಲ್ಲಿ ಎಲ್ಲರೂ ತಂತಮ್ಮ ಸೂಟ್‌ಕೇಸು ಎತ್ತಿಕೊಂಡ ಮೇಲೆ ಒಂದು ಸೂಟ್‌ಕೇಸು ಉಳಿಯಿತಂತೆ. ಆಗ ಗೈಡು ಊಟಕ್ಕೆ ಇಳಿದಿದ್ದ ಹೋಟೆಲಿಗೆ ಫೋನು ಮಾಡಿದ. ಮಾರನೆಯ ಬೆಳಿಗ್ಗೆ ಬಂದು ಕರೆದುಕೊಂಡು ಹೋಗುವವರೆಗೆ ಬಾಯಮ್ಮ ಆ ಮನೆಯ ಮೇಲಿನ ಕೋಣೆಯಲ್ಲಿದ್ದರು. ಈ ಕಥೆಯನ್ನು ಅವರು ತಮಾಷೆಯಾಗಿ ಹೇಳುತ್ತಿದ್ದರು. ಕಡೆಗೆ ಮಾತ್ರ ಪ್ರತಿ ಸಲವೂ ದನಿ ತಗ್ಗಿಸಿ, "ಪೆಟ್ಟಿಗೆ ಉಂಟು ಅಂತ ಗೊತ್ತಾದದ್ದು. ನಾನಿಲ್ಲ ಅಂತ ಅಲ್ಲ" ಎನ್ನುತ್ತಿದ್ದರು.

ಮುಂದಿನ ವರ್ಷ ಬಾಯಮ್ಮ ಒಬ್ಬರೇ ಹೊರಟರು. ಗುಂಪಿಲ್ಲ, ಗೈಡಿಲ್ಲ. ವಿಮಾನ, ಅಲ್ಲಿಂದ ವೇಗದ ರೈಲು, ಅಲ್ಲಿಂದ ಬಸ್ಸು. ಊರಿನ ಹೆಸರನ್ನು ಚೀನೀ ಲಿಪಿಯಲ್ಲಿ ಬರೆದ ಆ ಹೋಟೆಲಿನ ಕಾರ್ಡನ್ನು ಎಲ್ಲರಿಗೂ ತೋರಿಸುತ್ತಾ ಹೋದರಂತೆ, ಚಿಕ್ಕ ಮಕ್ಕಳು ಕೊರಳಲ್ಲಿ ವಿಳಾಸ ಕಟ್ಟಿಕೊಂಡು ಹೋದ ಹಾಗೆ. ಆಮೇಲೆ ಅದು ವರ್ಷವರ್ಷದ ರೂಢಿಯಾಯಿತು. ಅಲ್ಲಿ ಏನು ಮಾಡುತ್ತೀರಿ ಎಂದರೆ, "ಎಂತದೂ ಇಲ್ಲ" ಎನ್ನುವರು. ಬೆಳಿಗ್ಗೆ ಇಬ್ಬರೂ ನದಿಯ ಮೆಟ್ಟಿಲಲ್ಲಿ ತರಕಾರಿ ತೊಳೆಯುವುದು. ಮಧ್ಯಾಹ್ನ ಬಿದಿರಿನ ಮೋಟು ಸ್ಟೂಲಿನ ಮೇಲೆ ಕೂತು ಬೀನ್ಸಿನ ನಾರು ತೆಗೆಯುವುದು. ಇವರು ಕೊಂಕಣಿಯಲ್ಲಿ ಮಾತಾಡುವುದು, ಅವಳು ಚೀನೀಯಲ್ಲಿ. ಒಮ್ಮೆ ಇಲ್ಲಿಂದ ಬಫಾತ್ ಪುಡಿ ಕಟ್ಟಿಕೊಂಡು ಹೋಗಿದ್ದರು, ನಮ್ಮ ಕ್ರಿಶ್ಚಿಯನ್ನರ ಮನೆಯ ಮಸಾಲೆ. ಅವಳು ಮೂಸಿ ನೋಡಿ ಮಧ್ಯಾಹ್ನದವರೆಗೆ ಸೀನಿದಳಂತೆ. ಆದರೂ ಬಾಯಮ್ಮನಿಗೆಂದು ದಿನಕ್ಕೊಂದು ಮೀನನ್ನು ಹುರುಪೆ ತೆಗೆದು ಬೇರೆ ಇಡುತ್ತಿದ್ದಳು, ಮುಖ ಸಿಂಡರಿಸಿಕೊಂಡೇ.

ಊರವರು ಬಿಡುತ್ತಾರೆಯೇ? "ಬಾಯಮ್ಮ ಚೀನಾದಲ್ಲಿ ಯಾರನ್ನಾದರೂ ನೋಡಿಕೊಂಡಿದ್ದಾರೋ?" ಎಂದು ಚರ್ಚಿನ ಗಂಡಸರ ಕೀಟಲೆ. ಹೆಂಗಸರದ್ದು ಉಪದೇಶ, ಅಷ್ಟು ದೂರ ಹೋಗುವವರು ಮಾತೆಯ ದರ್ಶನಕ್ಕೆ ಹತ್ತಿರದ ಯಾತ್ರಾಸ್ಥಳ ಲೂರ್ದಿಗಾದರೂ ಹೋಗಬಾರದೇ ಎಂದು. ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ಹೇಳಿದರು: "ಮಾತೆಯ ಹತ್ರ ಲಕ್ಷ ಜನ ಹೋಗ್ತಾರೆ. ಒಂದು ವರ್ಷ ನಾನು ಹೋಗದಿದ್ರೆ ಮಾತೆಗೆ ಗೊತ್ತಾಗ್ಲಿಕ್ಕಿಲ್ಲ."

ಆಮೇಲೆ ಕೊರೋನಾ ಬಂತು. ಚೀನಾ ಬಾಗಿಲು ಹಾಕಿಕೊಂಡಿತು, ನಾವೂ ಹಾಕಿಕೊಂಡೆವು. ಫೆಲ್ಥಮ್ ಮೇಲೆ ವಿಮಾನವಿಲ್ಲದ ಆಕಾಶವನ್ನು ನಾನು ಮೊದಲ ಬಾರಿ ಕಂಡದ್ದು ಆಗಲೇ. ಬಾಯಮ್ಮನ ಬಾಗಿಲ ಮುಂದೆ ಸಾಮಾನಿನ ಚೀಲ ಇಟ್ಟು, ದೂರ ನಿಂತು ಮಾತಾಡಿಸುತ್ತಿದ್ದೆ. ಅವರು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಕಡೆಗೆ ಒಂದೇ ಪ್ರಶ್ನೆ: "ಅಲ್ಲಿಯವರಿಗೆ ಹೇಗುಂಟಂತೆ?" ಅಲ್ಲಿಯವರು ಎಂದರೆ ಆ ಒಬ್ಬಳು. ಕಾರ್ಡಿನಲ್ಲಿದ್ದ ಹೋಟೆಲಿನ ನಂಬರಿಗೆ ಎಷ್ಟು ಸಲ ಮಾಡಿದರೂ ಕರೆ ಹೋಗುತ್ತಿರಲಿಲ್ಲ.

ಚೀನಾ ಮತ್ತೆ ಬಾಗಿಲು ತೆರೆಯುವಷ್ಟರಲ್ಲಿ ಬಾಯಮ್ಮನ ಮೊಣಕಾಲು ಕೈಕೊಟ್ಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಲಂಡನ್ನಿನಲ್ಲೇ ಹ್ಯಾರೋದಲ್ಲಿದ್ದ ತಂಗಿಯ ಮಗ ತನ್ನ ದೊಡ್ಡ ಕಾರಿನಲ್ಲಿ ಬಂದು ಬುದ್ಧಿ ಹೇಳಿದ. ಒಳ್ಳೆಯ ಹುಡುಗ, ಐಟಿ ಕೆಲಸ, ಬೆಂಗಳೂರಿನಲ್ಲಿ ಬೆಳೆದವನು. ಬಾಯಮ್ಮನೊಡನೆ ಕೊಂಕಣಿ, ನನ್ನೊಡನೆ ಕನ್ನಡ. "ನೀವಾದ್ರೂ ಹೇಳಿ ಆಂಟಿ. ಮಾವ್ಶಿ ಅಲ್ಲಿ ಹೋಗಿ ಬಿದ್ದುಬಿಟ್ರೆ ಯಾರ್ ನೋಡ್ಕೋತಾರೆ? ಆ ಲೇಡಿ ಇದಾರೋ ಇಲ್ವೋ ಅದೂ ಗೊತ್ತಿಲ್ಲ. ಇದ್ರೂ ಇಷ್ಟೊತ್ತಿಗೆ ಮರ್ತಿರ್ತಾರೆ."

ಮರೆತಿರುತ್ತಾರೆ ಎಂಬ ಮಾತಿಗೆ ಬಾಯಮ್ಮ ತಲೆ ಎತ್ತಿ ಅವನನ್ನು ನೋಡಿದರು. ಮಾರನೆಯ ವಾರವೇ ಟಿಕೆಟು ತೆಗೆದರು.

ನನ್ನ ಕೆಲಸ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ತಳ್ಳುವುದು. ಹೊರಡುವ ದಿನ ಖಾಲಿ ಕುರ್ಚಿ ತಂದು ಮುಂದೆ ನಿಲ್ಲಿಸಿದರೆ ಹತ್ತಲು ಒಪ್ಪಲಿಲ್ಲ. ನನ್ನ ತೋಳು ಹಿಡಿದು ಕುಂಟುತ್ತಾ ಗೇಟಿನವರೆಗೆ ನಡೆದರು. ಅಲ್ಲಿ ಬೆಂಚಿನ ಮೇಲೆ ಕೂತ ಮೇಲೆ ಕೇಳಿದರು:

"ಅವಳು ಇಲ್ಲದಿದ್ರೆ ಎಂತ ಮಾಡುದು?"

"ಇಲ್ಲದಿದ್ರೆ ಮರುದಿನವೇ ವಾಪಸ್ ಬನ್ನಿ ಬಾಯಮ್ಮ."

"ಯಾರ ಹತ್ರ?"

ನಾನಿದ್ದೇನಲ್ಲ ಎನ್ನಬೇಕು ಎಂದುಕೊಂಡೆ. ಆದರೆ ನನಗೆ ಗಂಡ, ಮಗಳು, ಶಿಫ್ಟು, ಶಾಪಿಂಗು ಎಲ್ಲ ಇತ್ತು. ಬಾಯಮ್ಮನಿಗೆ ಅದು ಗೊತ್ತಿತ್ತು. ಅವರು ನನ್ನ ಕೈ ತಟ್ಟಿ, "ಆಯ್ತು, ನೀನು ಹೋಗು, ನಿನಗೆ ಲೇಟಾಗ್ತದೆ" ಎಂದರು. ಬಾಯಮ್ಮನ ಹಾಗೆ ಕಾರ್ಡಿಗನ್ ತೊಟ್ಟ ಒಂಟಿ ಮುದುಕಿಯರು ಪ್ರತಿ ಗೇಟಿನಲ್ಲೂ ಇರುತ್ತಾರೆ. ಅಂದಿನಿಂದ ಅವರು ನನ್ನ ಕಣ್ಣಿಗೆ ಬೀಳುತ್ತಾರೆ.

ಎರಡು ವಾರ ಅವರ ಸುದ್ದಿಯಿಲ್ಲ. ಬಂದ ದಿನ ಅರೈವಲ್ಸ್‌ನಲ್ಲಿ ಕಾಯುತ್ತಿದ್ದೆ. ದೂರದಿಂದಲೇ ಮುಖ ನೋಡಿ ಗೊತ್ತಾಯಿತು, ಸದ್ಯ ಅವಳು ಸಿಕ್ಕಿದ್ದಾಳೆ.

ಅಷ್ಟು ಸುಲಭಕ್ಕೆ ಸಿಕ್ಕಿರಲಿಲ್ಲವಂತೆ. ಊರು ಗುರುತು ಹತ್ತದಷ್ಟು ಬದಲಾಗಿತ್ತು. ನದಿಯುದ್ದಕ್ಕೂ ಬಣ್ಣದ ದೀಪ, ಕಾಫಿ ಅಂಗಡಿ, ಬಾಡಿಗೆಗೆ ರೇಷ್ಮೆ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು. ಹಳೆಯ ಮನೆ ಇದ್ದ ಜಾಗದಲ್ಲಿ ಗಾಜಿನ ಹೋಟೆಲು. ಕಾರ್ಡು ತೋರಿಸಿದರೆ ರಿಸೆಪ್ಶನ್ ಹುಡುಗ ತಲೆ ಅಲ್ಲಾಡಿಸಿದ. ಬಾಯಮ್ಮ ಮತ್ತೇನು ಮಾಡಲೂ ತೋಚದೆ ನದಿಯ ಮೆಟ್ಟಿಲಿಗೆ ಹೋಗಿ ಕೂತರು. ಅಲ್ಲಿ ಇಬ್ಬರು ಹೆಂಗಸರು ಸೊಪ್ಪು ತೊಳೆಯುತ್ತಿದ್ದರು. ಅವರಲ್ಲೊಬ್ಬಳು ಇವರನ್ನು ನೋಡಿ, ಮತ್ತೆ ನೋಡಿ, ಸೊಪ್ಪು ಅಲ್ಲೇ ಬಿಟ್ಟು, ಹೆರೆಯುವ ಹಾಗೆ ಕೈ ಆಡಿಸಿ ತೋರಿಸಿದಳಂತೆ, ನೀನಲ್ಲವೇ ಮೀನು ಕೆಡಿಸಿದವಳು ಎಂದು ಕೇಳುವ ಹಾಗೆ. ಬಾಯಮ್ಮ ಹೌದೆಂದು ತಲೆಯಾಡಿಸಿದರು. ಅವಳು ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಗಲ್ಲಿಯಿಂದ, ಒಂದು ಕಾಲಲ್ಲಿ ಚಪ್ಪಲಿ ಇನ್ನೊಂದು ಬರಿಗಾಲು, ಬಾಯಮ್ಮನ ಆ ಗೆಳತಿ ಬಂದಳು.

"ಅಪ್ಪಿಕೊಂಡ್ರಾ?" ಎಂದು ನಾನು ಕೇಳಿದೆ.

"ಎಂತ ಅಪ್ಪಿಕೊಳ್ಳುದು! ಬೈದಳು ಮಾರಾಯ್ತಿ. ಸೊಂಟಕ್ಕೆ ಕೈ ಇಟ್ಟು, ನಡು ರಸ್ತೆಯಲ್ಲಿ, ಇಡೀ ಊರಿಗೆ ಕೇಳುವ ಹಾಗೆ. ಇಷ್ಟು ವರ್ಷ ಎಲ್ಲಿ ಸತ್ತಿದ್ದಿ ಅಂತ ಇರ್ಬೇಕು. ಬೈತಾ ಬೈತಾ ಅತ್ತಳು, ಕಣ್ಣೊರೆಸಿ ಮತ್ತೆ ಬೈದಳು." ಬಾಯಮ್ಮನ ಮುಖ ಅರಳಿತ್ತು. "ನೀನೇ ಹೇಳು, ಈ ಲಂಡನ್ನಲ್ಲಿ ನನಗೆ ಬೈಲಿಕ್ಕೆ ಯಾರಿದ್ದಾರೆ? ಎಲ್ಲರೂ ಸಾರಿ, ಥ್ಯಾಂಕ್ಯೂ, ಟೇಕ್ ಕೇರ್."

ಈ ಸಲ ಅವಳ ಹತ್ತಿರ ಮಾತು ಅನುವಾದಿಸುವ ಫೋನು ಇತ್ತಂತೆ. ಒಂದು ದಿನ ಅದರಲ್ಲಿ ಮಾತಾಡಿ ನೋಡಿ, ಇಬ್ಬರಿಗೂ ಸರಿಬರದೆ, ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಹಳೆಯ ಹಾಗೆಯೇ ಮಾತಾಡಿದರು. ಆದರೂ ಬಾಯಮ್ಮ ಬುದ್ಧಿ ಕಲಿತಿದ್ದರು, ಅವಳ ನಂಬರು ಬರೆಸಿಕೊಂಡು ಬಂದಿದ್ದರು. ತಮ್ಮ ಹಳೆಯ ಫೋನಿಗೆ ಆಗದ್ದರಿಂದ, ಚೀನಾದವರು ಬಳಸುವ ಆ ಆ್ಯಪನ್ನು ನನ್ನ ಫೋನಿಗೆ ಹಾಕಿಸಿದರು. ಅಲ್ಲಿಂದ ಆಗಾಗ ನದಿಯ ಫೋಟೋ, ಬುಟ್ಟಿಯಲ್ಲಿನ ಮೀನಿನ ಫೋಟೋ, ಒಮ್ಮೊಮ್ಮೆ ಅವಳದ್ದೇ ಫೋಟೋ ಬರುತ್ತಿತ್ತು. ನಾನು ಕೆಳಗಿಳಿದು ಹೋಗಿ ತೋರಿಸಬೇಕು. ಬಾಯಮ್ಮ ಕನ್ನಡಕ ಏರಿಸಿ, "ಹೂಂ, ನೀರು ಏರಿದೆ" ಎಂದೋ "ಸಪೂರ ಆಗಿದ್ದಾಳೆ" ಎಂದೋ ಹೇಳುವರು. ನನ್ನ ಮಗಳು, "ಅಮ್ಮಾ, ಶಿ ಹ್ಯಾಸ್ ಎ ಬೆಸ್ಟ್ ಫ್ರೆಂಡ್, ಯೂ ಡೋಂಟ್" ಎಂದು ನನ್ನನ್ನು ಛೇಡಿಸುತ್ತಿದ್ದಳು. ನಾನು ನಗುತ್ತಿದ್ದೆ. ಅದು ನಿಜವೂ ಆಗಿತ್ತು.

ಮುಂದಿನ ಪ್ರಯಾಣಕ್ಕೆ ಟಿಕೆಟು ಆಗಿತ್ತು, ಅದರ ಫೋಟೋ ನನ್ನ ಫೋನಿನಿಂದ ಅವಳಿಗೂ ಹೋಗಿತ್ತು. ಹೊರಡುವ ಮೊದಲು ಒಂದು ಕೆಮ್ಮು ಬಂತು, ಅದು ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋಗಿದ್ದೆ. ಮಾತಾಡಲು ಉಸಿರು ಸಾಲದು, ಆದರೂ ಟಿಕೆಟು ಮುಂದೆ ಹಾಕಿಸು ಎಂದು ಸನ್ನೆ ಮಾಡಿದರು. ನನಗೆ ಮಧ್ಯಾಹ್ನದ ಶಿಫ್ಟು ಇತ್ತು. ನಾಳೆ ಬರುತ್ತೇನೆ ಎಂದು ಹೇಳಿ, ಊಟದ ಗಾಡಿ ವಾರ್ಡಿನೊಳಗೆ ಬರುವ ಹೊತ್ತಿಗೆ ಹೊರಟೆ. ಮಾರನೆಯ ಬೆಳಿಗ್ಗೆ ತಂಗಿಯ ಮಗ ಫೋನು ಮಾಡಿ, ಎಲ್ಲ ಮುಗಿಯಿತು ಎಂದ.

ಫ್ಲ್ಯಾಟು ಕೌನ್ಸಿಲ್‌ನದೇ. ಅವನು ಸಾಮಾನು ತೆಗೆದ, ಬೀಗ ಬದಲಾಯಿತು. ಅದೇ ಸಾಲಿನ ಮೂರನೆಯ ಮನೆಯವರಿಗೆ ಬಾಯಮ್ಮ ಇಲ್ಲದ್ದು ತಿಳಿಯಲು ತಿಂಗಳು ಹಿಡಿಯಿತು. ಒಂದು ಭಾನುವಾರ ನಾನು ಅಕ್ಕಿ ತೊಳೆಯುತ್ತಿದ್ದಾಗ ಆ ಆ್ಯಪು ಟಣ್ ಎಂದಿತು. ಫೋಟೋ. ಕಿಟಕಿ ಪಕ್ಕದ ಮಂಚ, ಹೊಸದಾಗಿ ಒಗೆದ ಹಾಸು, ಮಡಚಿಟ್ಟ ರಜಾಯಿ. ನೋಡುತ್ತಿರುವಾಗಲೇ ಕರೆ ಬಂತು, ವಿಡಿಯೋ. ಬಿಳಿ ಕೂದಲು, ಅಗಲ ಮುಖ, ಹೆಗಲ ಮೇಲೆ ಅಡುಗೆ ಬಟ್ಟೆ. ಇಷ್ಟು ವರ್ಷ ಕಥೆಯಲ್ಲಿ ಕೇಳಿದ ಹೆಂಗಸನ್ನು ನಾನು ಮೊದಲ ಸಲ ಮಾತಾಡಿಸುತ್ತಿದ್ದೆ. ನನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಅವಳು ಫೋನಿನೊಳಗೆ ಇಣುಕಿ ನೋಡಿದಳು. ಅವಳು ಏನೋ ಕೇಳಿದಳು. ಅವಳ ಆ ಅನುವಾದ ಯಂತ್ರದ ಹೆಣ್ಣುದನಿ ಅದನ್ನು ಕನ್ನಡದಲ್ಲಿ ಹೇಳಿತು: "ಅವರು ಬರುವ ದಿನ ಕಳೆದುಹೋಯಿತು. ಅವರು ಎಲ್ಲಿದ್ದಾರೆ?"

ನಾನು ಹೇಳಿದೆ. ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ, ಸುತ್ತಿಬಳಸಿ ಹೇಳಿದರೆ ಯಂತ್ರಕ್ಕೆ ತಿಳಿಯುವುದಿಲ್ಲ. ತೀರಿಕೊಂಡರು ಎಂದೆ. ಯಂತ್ರ ಅದನ್ನು ಅವಳಿಗೆ ಹೇಳಿತು.

ಅವಳು ಹೆಗಲ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಮಣ್ಣು ಮಾಡುವಾಗ ಬಂದಿರಲಿಲ್ಲ. ಆಮೇಲೆ ಅವಳು ಬಟ್ಟೆ ತೆಗೆದು, ಮೆಲ್ಲಗೆ, ಒಂದೇ ಒಂದು ಮಾತು ಕೇಳಿದಳು. ಯಂತ್ರ ಅದನ್ನು ಕನ್ನಡಕ್ಕೆ ತಂದಿತು:

"ಹೋಗುವ ಮೊದಲು ಅವರು ಊಟ ಮಾಡಿದ್ದರೇ?"

ಯಾವ ಕಾಯಿಲೆ, ಎಷ್ಟು ದಿನ, ಫ್ಲ್ಯಾಟು ಯಾರದ್ದು ಎಂದೆಲ್ಲ ಕೇಳಿದವರಲ್ಲಿ ಇದನ್ನು ಕೇಳಿದವರಿಲ್ಲ. ತಂಗಿಯ ಮಗ ನರ್ಸನ್ನು ಕೇಳಿರಲಿಲ್ಲ. ನಾನು ಅವನನ್ನು ಕೇಳಿರಲಿಲ್ಲ. ಅವಳು ಫೋನಿನ ಹತ್ತಿರಕ್ಕೆ ಮುಖ ತಂದು ಉತ್ತರಕ್ಕೆ ಕಾಯುತ್ತಿದ್ದಳು. ಹೌದು ಎಂದುಬಿಡಬಹುದಿತ್ತು, ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಆ ಮುಖದೆದುರು ಸುಳ್ಳು ಹೊರಡಲಿಲ್ಲ.

"ಗೊತ್ತಿಲ್ಲ" ಎಂದೆ. ಯಂತ್ರ ಅದನ್ನು ಅವಳ ಭಾಷೆಯಲ್ಲಿ ಅವಳಿಗೆ ಹೇಳಿತು.